ಟ್ರಾಕ್ಟರಿನ ವೈರಿಂಗ್: ಕೆಟ್ಟ ಕಪ್ಲರಿನ ದುರಸ್ತಿ

(ಕಬ್ಬು ಬೆಳೆಗಾರರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)

ಕಬ್ಬಿನ ಕಟಾವು ಆರಂಭವಾಯಿತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಹಗಲು ರಾತ್ರಿಯೆನ್ನದೆ ಕಬ್ಬು ಹೇರಿದ ಟ್ರಾಕ್ಟರುಗಳು ಓಡಾಡುತ್ತವೆ. ಕಟಾವಾದ ಕಬ್ಬು ತಡವಾದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಆದುದರಿಂದ ರಾತ್ರಿಯಾಯಿತೆಂದು ಗಾಡಿ ನಿಲ್ಲಿಸುವ ಹಾಗಿಲ್ಲ. ಇಂಥ ಹೊತ್ತಿನಲ್ಲಿ ಟ್ರೇಲರಿನ ಹಿಂದಿನ ಕೆಂಪು ದೀಪ ಉರಿಯದಿದ್ದರೆ ಏನಾಗುತ್ತದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಮೋಟಾರ್ ಸೈಕಲ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತದೆ. ದೀಪವಿಲ್ಲದ ಟ್ರೇಲರ್ ಸವಾರನಿಗೆ 40 ಮೀಟರ್ ದೂರದಲ್ಲಿ ಕಂಡಿತೆಂದರೆ ಅವನಿಗೆ ಉಳಿಯುವ ಅವಧಿ ಎರಡೂವರೆ ಸೆಕೆಂಡಿಗಿಂತಲೂ ಕಡಿಮೆ. ಅಷ್ಟರಲ್ಲಿ ಅವನು ನೋಡಬೇಕು, ಅರ್ಥ ಮಾಡಿಕೊಳ್ಳಬೇಕು, ಬ್ರೇಕ್ ಹಾಕಬೇಕು. ಆ ಸವಾರ ಪಕ್ಕದ ಊರಿನವನಿರಬಹುದು, ಮನೆಯ ಹುಡುಗನೇ ಇರಬಹುದು. ಟ್ರಾಕ್ಟರಿನ ಮುಂದಿನ ದೀಪ ಓಡಿಸುವವನಿಗೆ ದಾರಿ ತೋರಿಸುತ್ತದೆ. ಹಿಂದಿನ ದೀಪವಿರುವುದು ಇನ್ನೊಬ್ಬರ ಜೀವಕ್ಕಾಗಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಬದಿಯ ಕೆಂಪು ದೀಪವನ್ನು ಕಡ್ಡಾಯ ಮಾಡಿರುವುದೂ ಇದೇ ಕಾರಣಕ್ಕೆ.

ದೋಷವೆಲ್ಲಿ? ಹುಡುಕುವುದೆಲ್ಲಿ?

ಒಬ್ಬ ರೈತನ ಉದಾಹರಣೆ ತೆಗೆದುಕೊಳ್ಳಬಹುದು. ಅವನ ಟ್ರೇಲರಿನ ಹಿಂದಿನ ದೀಪ ಒಮ್ಮೆ ಉರಿಯುತ್ತದೆ, ಒಮ್ಮೆ ಆರುತ್ತದೆ. ಮೊದಲು ಬಲ್ಬು ಬದಲಾಯಿಸುತ್ತಾನೆ. ಎರಡು ದಿನ ಉರಿದು ಮತ್ತೆ ಆರುತ್ತದೆ. ಬ್ಯಾಟರಿ ಹಳೆಯದಾಯಿತೆಂದು ಅದನ್ನೂ ಬದಲಾಯಿಸುತ್ತಾನೆ. ಕೊನೆಗೆ ಡ್ರೈವರ್ ಕಪ್ಲರನ್ನೇ ಕತ್ತರಿಸಿ ಎಸೆದು, ತಂತಿಗಳನ್ನು ಕೈಯಿಂದ ಹೊಸೆದು ಟೇಪು ಸುತ್ತುತ್ತಾನೆ. ಮಳೆ ಬಂದ ದಿನ ಫ್ಯೂಸ್ ಹೋಗುತ್ತದೆ. ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸೇರಿಸುತ್ತಾನೆ. ಮುಂದಿನ ಸಲ ಕರಗುವುದು ಫ್ಯೂಸ್ ಅಲ್ಲ, ಇಡೀ ತಂತಿಯ ಕಟ್ಟು. ಸುಗ್ಗಿಯ ನಡುವೆ ಟ್ರಾಕ್ಟರ್ ಮೂಲೆ ಸೇರುತ್ತದೆ. ಇಷ್ಟಕ್ಕೆಲ್ಲ ಮೂಲ ಕಾರಣ ಹಸಿರು ಕಿಲುಬು ಹಿಡಿದ ಒಂದೇ ಒಂದು ಹಿತ್ತಾಳೆಯ ಪಿನ್ನು!

ವಾಹನದ ವೈರಿಂಗಿನಲ್ಲಿ ತಂತಿಯ ನಡುಭಾಗ ಕೆಡುವುದು ಅಪರೂಪ. ಕೆಡುವುದು ಹೆಚ್ಚಾಗಿ ತಂತಿ ತಂತಿಗೆ ಸೇರುವ ಜಾಗ. ಈ ಜೋಡಣೆಯ ಭಾಗವನ್ನು ಕನೆಕ್ಟರ್ ಎನ್ನುತ್ತಾರೆ, ಗ್ಯಾರೇಜುಗಳಲ್ಲಿ ಕಪ್ಲರ್ ಎಂದೇ ರೂಢಿ. ಪ್ಲಾಸ್ಟಿಕ್ಕಿನ ಗೂಡು, ಅದರೊಳಗೆ ಹಿತ್ತಾಳೆಯ ಟರ್ಮಿನಲ್ಲುಗಳು, ಎರಡು ಗೂಡುಗಳನ್ನು ಹಿಡಿದಿಡುವ ಒಂದು ಕೊಂಡಿ, ಇಷ್ಟೇ ಅದರ ರಚನೆ. ಟ್ರಾಕ್ಟರಿಗೂ ಟ್ರೇಲರಿಗೂ ನಡುವೆ ಇರುವ ಏಳು ಪಿನ್ನಿನ ಪ್ಲಗ್ಗು ಮತ್ತು ಸಾಕೆಟ್ಟೂ ಇದೇ ಜಾತಿಗೆ ಸೇರಿದ್ದು. ಧೂಳು, ಕೆಸರು, ಅಲುಗಾಟ ಮೂರೂ ಅದಕ್ಕೇ ಹೆಚ್ಚು.

ಕಪ್ಲರ್ ಕೆಡುವುದೇಕೆ?

ಕಾಲುವೆಯಲ್ಲಿ ಒಂದು ಕಡೆ ಕಸ ಕಟ್ಟಿಕೊಂಡರೆ ಕೊನೆಯ ಮಡಿಗೆ ನೀರು ತಲಪದಿರುವುದನ್ನು ರೈತರೆಲ್ಲರೂ ಬಲ್ಲರು. ಕಿಲುಬು ಹಿಡಿದ ಟರ್ಮಿನಲ್ ವಿದ್ಯುತ್ತಿಗೆ ಅಂಥದೇ ತಡೆ. ಆದರೆ ಒಂದು ವ್ಯತ್ಯಾಸವುಂಟು. ವಿದ್ಯುತ್ತು ತಡೆಯುಂಟಾದ ಜಾಗದಲ್ಲಿ ಶಾಖವನ್ನೂ ಉಂಟುಮಾಡುತ್ತದೆ.

ಟ್ರಾಕ್ಟರಿನ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟಿನದು. 60 ವ್ಯಾಟಿನ ಎರಡು ಹೆಡ್‌ಲೈಟುಗಳು ಉರಿಯುವಾಗ ತಂತಿಯಲ್ಲಿ ಸುಮಾರು 10 ಆಂಪಿಯರ್ ಹರಿಯುತ್ತದೆ. ದಾರಿಯ ಕಪ್ಲರಿನಲ್ಲಿ ಕೇವಲ 0.1 ಓಮ್ ತಡೆಯಿದ್ದರೆ 1 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಮಾಮೂಲು ತಂತಿಯ ಬಲ್ಬಿಗೆ ಒಂದು ವೋಲ್ಟ್ ಕಡಿಮೆಯಾದರೆ ಬೆಳಕು ಸುಮಾರು ಕಾಲುಭಾಗದಷ್ಟು ಇಳಿಯುತ್ತದೆ. ಅದೇ ವೇಳೆ ಕಪ್ಲರಿನೊಳಗೆ 10 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಗೂಡಿನೊಳಗೆ ಅಷ್ಟು ಶಾಖ ಕಡಿಮೆಯೇನಲ್ಲ. ಮೊದಲು ಗೂಡು ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಟರ್ಮಿನಲ್ಲಿನ ಬಿಗಿ ಸಡಿಲುತ್ತದೆ. ಸಡಿಲವಾದಷ್ಟೂ ತಡೆ ಹೆಚ್ಚು, ತಡೆ ಹೆಚ್ಚಿದಷ್ಟೂ ಶಾಖ ಹೆಚ್ಚು.

ರೈತರ ಟ್ರಾಕ್ಟರಿಗೆ ಇನ್ನೊಂದು ವಿಶೇಷ ತೊಂದರೆಯಿದೆ. ಅದು ರಸಗೊಬ್ಬರದ ಮತ್ತು ಕೊಟ್ಟಿಗೆಯ ಸಹವಾಸ. ಯೂರಿಯಾ ಗಾಳಿಯ ತೇವವನ್ನು ಹೀರಿಕೊಳ್ಳುವ ಗೊಬ್ಬರ. ಮ್ಯೂರಿಯೇಟ್ ಆಫ್ ಪೊಟ್ಯಾಷಿನಲ್ಲಿ ಕ್ಲೋರೈಡ್ ಅಂಶವಿದ್ದು ಅದು ತಾಮ್ರ ಹಾಗೂ ಹಿತ್ತಾಳೆಯನ್ನು ತಿನ್ನುತ್ತದೆ. ಗೊಬ್ಬರ ಸಾಗಿಸಿದ ಟ್ರೇಲರನ್ನು ತೊಳೆಯದೆ ಬಿಟ್ಟರೆ ಈ ಪುಡಿ ಪ್ಲಗ್ಗಿನೊಳಗೆ ಕೂತು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಕೊಟ್ಟಿಗೆಯ ಗಂಜಲದಿಂದ ಹೊರಡುವ ಅಮೋನಿಯಾ ಹಿತ್ತಾಳೆಗೆ ಇನ್ನೂ ದೊಡ್ಡ ಶತ್ರು. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದವರು ಹಿತ್ತಾಳೆಯ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸುತ್ತಿದ್ದರು. ಮುಟ್ಟದೆಯೇ ಆ ತೋಟಾಗಳು ಬಿರುಕು ಬಿಡುತ್ತಿದ್ದವು. ಕುದುರೆಯ ಗಂಜಲದ ಅಮೋನಿಯಾ ಮತ್ತು ಮಳೆಗಾಲದ ತೇವ ಸೇರಿ, ಒಳಬಿಗಿತವಿರುವ ಹಿತ್ತಾಳೆಯನ್ನು ಸೀಳುತ್ತದೆಂದು 1921ರಲ್ಲಿ ಸಂಶೋಧಕರು ವಿವರಿಸಿದರು. ಬಗ್ಗಿಸಿ ಒತ್ತಿ ಮಾಡಿದ ಟರ್ಮಿನಲ್ಲಿನಲ್ಲಿಯೂ ಅಂಥ ಒಳಬಿಗಿತವಿರುತ್ತದೆ. ಆದ್ದರಿಂದ ಟ್ರಾಕ್ಟರನ್ನು ದನಗಳ ಪಕ್ಕದಲ್ಲಿ ಕಟ್ಟಿದಂತೆ ನಿಲ್ಲಿಸುವುದು ಒಳ್ಳೆಯದಲ್ಲ. ಬೇರೆ ಜಾಗವಿಲ್ಲದಿದ್ದರೆ ಗಾಳಿಯಾಡುವ ಕಡೆ, ಗಂಜಲದ ಕಾಲುವೆಯಿಂದ ದೂರ ನಿಲ್ಲಿಸಬೇಕು.

ದೋಷ ಪತ್ತೆ

ಇದಕ್ಕೆ ಬೇಕಾದ ಮುಖ್ಯ ಸಾಧನ ಒಂದು ಪರೀಕ್ಷಾ ದೀಪ. 12 ವೋಲ್ಟಿನ 5 ವ್ಯಾಟ್ ಬಲ್ಬು, ಹೋಲ್ಡರ್, ಎರಡು ಉದ್ದ ತಂತಿ, ಒಂದರ ತುದಿಗೆ ಕ್ಲಿಪ್ಪು ಇದ್ದರೆ ಇದನ್ನು ಮನೆಯಲ್ಲಿಯೇ ಸಿದ್ಧಪಡಿಸಬಹುದು. ಮಲ್ಟಿಮೀಟರ್ ಇದ್ದರೆ ಇನ್ನೂ ಅನುಕೂಲ.

ಏಳು ಪಿನ್ನಿನ ಪ್ಲಗ್ಗಿಗೆ ಐಎಸ್ಒ 1724 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಪಿನ್ನುಗಳ ಕೆಲಸ ಮತ್ತು ತಂತಿಯ ಬಣ್ಣ ಹೀಗಿವೆ:

1 – ಎಡ ಇಂಡಿಕೇಟರ್ – ಹಳದಿ
2 – ಹಿಂದಿನ ಮಂಜುದೀಪ – ನೀಲಿ
3 – ಅರ್ಥ್ – ಬಿಳಿ
4 – ಬಲ ಇಂಡಿಕೇಟರ್ – ಹಸಿರು
5 – ಬಲಬದಿಯ ಹಿಂದಿನ ದೀಪ – ಕಂದು
6 – ಬ್ರೇಕ್ ದೀಪ – ಕೆಂಪು
7 – ಎಡಬದಿಯ ಹಿಂದಿನ ದೀಪ – ಕಪ್ಪು

ಊರಿನಲ್ಲಿ ಕಟ್ಟಿಸಿದ ಟ್ರೇಲರುಗಳಲ್ಲಿ ಬಣ್ಣಗಳು ಬೇರೆಯಾಗಿರಬಹುದು. ಬಣ್ಣವನ್ನು ನಂಬಿ ಜೋಡಿಸದೆ ಪರೀಕ್ಷಾ ದೀಪದಿಂದ ಖಾತ್ರಿ ಮಾಡಿಕೊಳ್ಳಬೇಕು. ಪರೀಕ್ಷೆಯ ಕ್ರಮ ಇದು:

ಮೊದಲನೆಯದಾಗಿ, ಟ್ರೇಲರಿನ ಪ್ಲಗ್ಗನ್ನು ಬಿಚ್ಚಿ, ಟ್ರಾಕ್ಟರಿನ ದೀಪದ ಸ್ವಿಚ್ಚು ಹಾಕಬೇಕು. ಪರೀಕ್ಷಾ ದೀಪದ ಕ್ಲಿಪ್ಪನ್ನು ಬಣ್ಣ ಕೆರೆದ ಚಾಸಿಗೆ ಹಿಡಿಸಿ, ಇನ್ನೊಂದು ತುದಿಯನ್ನು ಸಾಕೆಟ್ಟಿನ 5 ಮತ್ತು 7ನೆಯ ಪಿನ್ನಿಗೆ ಮುಟ್ಟಿಸಬೇಕು. ಎರಡು ಪಿನ್ನುಗಳನ್ನು ಒಮ್ಮೆಲೇ ಮುಟ್ಟಿಸಬಾರದು. ದೀಪ ಚೆನ್ನಾಗಿ ಉರಿದರೆ ಅಲ್ಲಿಯವರೆಗೆ ವಿದ್ಯುತ್ತು ಬರುತ್ತಿದೆ ಎಂದರ್ಥ.

ಎರಡನೆಯದಾಗಿ, ಕ್ಲಿಪ್ಪನ್ನು ಚಾಸಿಯಿಂದ ತೆಗೆದು 3ನೆಯ ಪಿನ್ನಿಗೆ ಮುಟ್ಟಿಸಿ ಅದೇ ಪರೀಕ್ಷೆ ಮಾಡಬೇಕು. ಈಗ ದೀಪ ಉರಿಯದಿದ್ದರೆ ಅಥವಾ ಮಂಕಾದರೆ ದೋಷವಿರುವುದು ಟ್ರಾಕ್ಟರ್ ಕಡೆಯ ಅರ್ಥ್ ತಂತಿಯಲ್ಲಿ. ಎರಡು ಪರೀಕ್ಷೆಗಳಲ್ಲಿಯೂ ಚೆನ್ನಾಗಿ ಉರಿದರೆ ದೋಷ ಟ್ರೇಲರಿನ ಪ್ಲಗ್ಗಿನಲ್ಲಿ ಇಲ್ಲವೆ ಅದರಾಚೆ ಇದೆ.

ಮೂರನೆಯದಾಗಿ, ದೀಪ ಉರಿಯುತ್ತಿರುವಾಗ ಒಂದೊಂದೇ ಕಪ್ಲರನ್ನು ಮೆಲ್ಲಗೆ ಅಲುಗಾಡಿಸಬೇಕು. ಯಾವುದನ್ನು ಅಲುಗಿಸಿದಾಗ ದೀಪ ಮಿನುಗುತ್ತದೆಯೋ ಅದೇ ಕೆಟ್ಟ ಜೋಡಣೆ. ಮೀಟರ್ ಇದ್ದವರು ದೀಪ ಉರಿಯುತ್ತಿರುವಾಗಲೇ ಕಪ್ಲರಿನ ಒಳಬರುವ ತಂತಿಗೂ ಹೊರಹೋಗುವ ತಂತಿಗೂ ನಡುವಿನ ವೋಲ್ಟೇಜ್ ನೋಡಬಹುದು. ಅದು ಸೊನ್ನೆಯ ಸಮೀಪ ಇರಬೇಕು. 0.2 ವೋಲ್ಟಿಗಿಂತ ಹೆಚ್ಚು ತೋರಿದರೆ ಆ ಕಪ್ಲರಿಗೆ ದುರಸ್ತಿ ಬೇಕು.

ಅರ್ಥ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬ್ರೇಕ್ ತುಳಿದಾಗ ಇಂಡಿಕೇಟರ್ ಮಂದವಾಗಿ ಉರಿಯುವುದು, ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಮಿನುಗುವುದು, ಇವು ಅರ್ಥ್ ಕೆಟ್ಟಿರುವುದರ ಲಕ್ಷಣ. ಹಲವು ಟ್ರೇಲರುಗಳಲ್ಲಿ ಅರ್ಥ್ ತಂತಿಯೇ ಇರುವುದಿಲ್ಲ. ವಿದ್ಯುತ್ತು ಕೊಕ್ಕೆ ಮತ್ತು ಗೂಟದ ಮೂಲಕವೇ ಮರಳಬೇಕು. ಅಲ್ಲಿ ತುಕ್ಕು, ಗ್ರೀಸು, ಮಣ್ಣು ಇದ್ದೇ ಇರುತ್ತವೆ. ಗಾಡಿ ಎಳೆತದಲ್ಲಿದ್ದಾಗ ದೀಪ ಉರಿದು, ಸಡಿಲವಾದಾಗ ಆರುತ್ತದೆ. ಪ್ಲಗ್ಗಿನ 3ನೆಯ ಪಿನ್ನಿನಿಂದ ಹಿಂದಿನ ದೀಪದವರೆಗೆ ಬೇರೆಯೇ ಅರ್ಥ್ ತಂತಿ ಎಳೆಯುವುದೇ ಇದಕ್ಕೆ ಶಾಶ್ವತ ಪರಿಹಾರ.

ದುರಸ್ತಿಯ ಕ್ರಮ

ದೋಷದ ಜಾಗ ತಿಳಿದ ಮೇಲೆ ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಜೋಡಿಸುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಈ ಕ್ರಮಕ್ಕೆ ಕಾರಣವುಂಟು. ನೆಗೆಟಿವ್ ಜೋಡಣೆ ಇರುವಾಗ ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಟ್ರಾಕ್ಟರಿನ ಮೈಗೆ ತಗಲಿದರೆ ಭಾರಿ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊರಬರುವ ಜಲಜನಕ ಅನಿಲಕ್ಕೆ ಆ ಕಿಡಿ ಸಾಕು.

ಕಪ್ಲರನ್ನು ತಂತಿ ಹಿಡಿದು ಎಳೆಯಬಾರದು. ಕೊಂಡಿಯನ್ನು ಒತ್ತಿ, ಗೂಡನ್ನೇ ಹಿಡಿದು ಬಿಚ್ಚಬೇಕು. ಯಾವ ರಂಧ್ರದಲ್ಲಿ ಯಾವ ಬಣ್ಣದ ತಂತಿಯಿದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು, ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಎಲ್ಲ ತಂತಿಗಳನ್ನೂ ಒಟ್ಟಿಗೆ ಬಿಚ್ಚದೆ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗುವುದು ಕ್ಷೇಮ.

ಟರ್ಮಿನಲ್ ಮೇಲೆ ತೆಳ್ಳಗೆ ಕಿಲುಬು ಮಾತ್ರ ಇದ್ದರೆ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿದರೆ ಸಾಕು. ಬಾಯಿ ಅಗಲವಾಗಿದ್ದರೆ ಸಣ್ಣ ಇಕ್ಕಳದಿಂದ ಸ್ವಲ್ಪ ಬಿಗಿ ಮಾಡಬಹುದು. ಸೀಳಿದ, ಸುಟ್ಟು ಕಪ್ಪಾದ ಅಥವಾ ತಿಂದುಹೋದ ಟರ್ಮಿನಲ್ಲನ್ನು ಮಾತ್ರ ಬದಲಾಯಿಸಲೇಬೇಕು. ಗೂಡಿನೊಳಗೆ ಟರ್ಮಿನಲ್ಲನ್ನು ಹಿಡಿದಿರುವ ಚಿಕ್ಕ ನಾಲಗೆಯೊಂದಿರುತ್ತದೆ. ಎದುರು ಬದಿಯಿಂದ ತೆಳುವಾದ ಸ್ಕ್ರೂಡ್ರೈವರಿನಿಂದ ಅದನ್ನು ಒತ್ತಿದರೆ ಟರ್ಮಿನಲ್ ಹಿಂದಕ್ಕೆ ಜಾರಿ ಬರುತ್ತದೆ. ಗೂಡು ಕರಗಿದ್ದರೆ ಇಡೀ ಕಪ್ಲರನ್ನೇ ಬದಲಾಯಿಸಬೇಕು. ಎದುರು ಜೋಡಿಯೂ ಸುಟ್ಟಿರುವುದು ಸಾಮಾನ್ಯ, ಅದನ್ನು ಹಾಗೆಯೇ ಬಿಟ್ಟರೆ ಹೊಸದೂ ಬೇಗ ಕೆಡುತ್ತದೆ.

ಹೊಸ ಟರ್ಮಿನಲ್ ಹಾಕುವ ಮೊದಲು ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಕತ್ತರಿಸಬೇಕು. ರೋಗ ತಗಲಿದ ಕಬ್ಬಿನ ತುಂಡನ್ನು ಬಿತ್ತನೆಗೆ ಇಟ್ಟರೆ ಹೇಗೋ, ಕಪ್ಪಾದ ತಾಮ್ರಕ್ಕೆ ಹೊಸ ಟರ್ಮಿನಲ್ ಒತ್ತುವುದೂ ಹಾಗೆಯೇ. ಕತ್ತರಿಸಿದ್ದರಿಂದ ತಂತಿ ಗಿಡ್ಡವಾದರೆ ಅದೇ ದಪ್ಪದ ಅಥವಾ ಇನ್ನೂ ದಪ್ಪನೆಯ ತಂತಿಯ ತುಂಡನ್ನು ಸೇರಿಸಬಹುದು. ಇದಕ್ಕೆ ಹಲವು ಎಳೆಗಳುಳ್ಳ ವಾಹನದ ತಂತಿಯನ್ನೇ ಬಳಸಬೇಕು. ಮನೆಯ ವೈರಿಂಗಿನ ಒಂಟಿ ಎಳೆಯ ತಂತಿ ಟ್ರಾಕ್ಟರಿನ ಅಲುಗಾಟಕ್ಕೆ ಬೇಗ ಮುರಿಯುತ್ತದೆ. ಹಲವು ತಂತಿಗಳಿಗೆ ಜೋಡಣೆ ಬೇಕಾದಾಗ ಗಂಟುಗಳೆಲ್ಲ ಒಂದೇ ಜಾಗದಲ್ಲಿ ಬಾರದಂತೆ ಹಿಂದೆಮುಂದೆ ಮಾಡಬೇಕು.

ತಂತಿಯ ಹೊದಿಕೆಯನ್ನು ತುದಿಯಿಂದ 5-6 ಮಿಲಿಮೀಟರಿನಷ್ಟು ಸುಲಿಯಬೇಕು. ಎಳೆಗಳು ತುಂಡಾಗಬಾರದು. ಟರ್ಮಿನಲ್ಲಿಗೆ ಎರಡು ಜೊತೆ ರೆಕ್ಕೆಗಳಿರುತ್ತವೆ. ಮುಂದಿನ ರೆಕ್ಕೆ ತಾಮ್ರವನ್ನು, ಹಿಂದಿನದು ಹೊದಿಕೆಯನ್ನು ಅಪ್ಪಿ ಹಿಡಿಯಬೇಕು. ಹಿಂದಿನ ರೆಕ್ಕೆಯ ಹಿಡಿತವಿಲ್ಲದಿದ್ದರೆ ಅಲುಗಾಟದ ಪೆಟ್ಟೆಲ್ಲ ತಾಮ್ರದ ಮೇಲೆ ಬೀಳುತ್ತದೆ. ಇದನ್ನು ಸುತ್ತಿಗೆಯಿಂದ ಬಡಿಯದೆ ಕ್ರಿಂಪಿಂಗ್ ಇಕ್ಕಳದಿಂದಲೇ ಒತ್ತಬೇಕು. ಒತ್ತಿದ ಮೇಲೆ ಕೈಯಿಂದ ಎಳೆದು ನೋಡಬೇಕು. ಕಿತ್ತುಬರುವುದಿದ್ದರೆ ಮನೆಯಲ್ಲಿಯೇ ಬರಲಿ, ರಸ್ತೆಯಲ್ಲಿ ಬೇಡ.

ಬೆಸುಗೆ ಹಾಕಿದರೆ ಇನ್ನೂ ಭದ್ರವಲ್ಲವೇ ಎಂದು ಹಲವರು ಕೇಳುತ್ತಾರೆ. ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ತಂತಿಯನ್ನು ಗಟ್ಟಿ ಕಡ್ಡಿಯಂತೆ ಮಾಡುತ್ತದೆ. ಅದು ಮುಗಿಯುವ ಜಾಗದಲ್ಲಿ ಅಲುಗಾಟದಿಂದ ತಂತಿ ಮುರಿಯುತ್ತದೆ. ಚೆನ್ನಾಗಿ ಒತ್ತಿದ ಟರ್ಮಿನಲ್ಲಿಗೆ ಬೆಸುಗೆ ಬೇಕಿಲ್ಲ. ಬೆಸುಗೆ ಅನಿವಾರ್ಯವಾದಲ್ಲಿ ರಾಳದ ಫ್ಲಕ್ಸನ್ನೇ ಬಳಸಿ, ಆ ಭಾಗ ಬಾಗದಂತೆ ಕಟ್ಟಿ ನಿಲ್ಲಿಸಬೇಕು. ತಗಡಿನ ಕೆಲಸಕ್ಕೆ ಬಳಸುವ ಆಮ್ಲದ ಫ್ಲಕ್ಸ್ ತಾಮ್ರವನ್ನೇ ತಿನ್ನುತ್ತದೆ.

ಟರ್ಮಿನಲ್ಲನ್ನು ಗೂಡಿನೊಳಗೆ 'ಟಕ್' ಎಂಬ ಸದ್ದು ಬರುವವರೆಗೆ ತಳ್ಳಿ, ಮತ್ತೊಮ್ಮೆ ಎಳೆದು ನೋಡಬೇಕು. ನಡುವಿನ ಜೋಡಣೆಗಳಿಗೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕುವುದು ಉತ್ತಮ. ಸ್ಲೀವನ್ನು ಜೋಡಣೆಗೆ ಮೊದಲೇ ತಂತಿಗೆ ತೊಡಿಸಿಟ್ಟುಕೊಳ್ಳಲು ಮರೆಯಬಾರದು. ಬರಿಯ ಟೇಪು ಎಂಜಿನ್ನಿನ ಬಿಸಿಗೆ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ. ಕೊನೆಗೆ ಕಪ್ಲರಿನ ಹೊರಬಾಯಿಗೆ ವ್ಯಾಸಲೀನ್ ತೆಳುವಾಗಿ ಸವರಿದರೆ ತೇವ ಒಳಹೋಗುವುದು ತಗ್ಗುತ್ತದೆ.

ಫ್ಯೂಸ್ ಕಾವಲುಗಾರ

ಫ್ಯೂಸ್ ಇರುವುದು ತಂತಿಯನ್ನು ಕಾಪಾಡುವುದಕ್ಕೆ. 10 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಎಲ್ಲೋ ತಂತಿ ಮೈಗೆ ತಗಲುತ್ತಿದೆ ಎಂದರ್ಥ. ಆಗ 20 ಆಂಪಿಯರಿನದನ್ನೋ ತಾಮ್ರದ ಎಳೆಯನ್ನೋ ಸಿಗರೇಟು ಪ್ಯಾಕಿನ ತಗಡನ್ನೋ ಹಾಕುವುದು ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಒಣ ಕಬ್ಬಿನ ತರಗು, ಭತ್ತದ ಹುಲ್ಲು, ಜೋಳದ ಸೊಪ್ಪೆ ಹೇರಿದ ಟ್ರೇಲರಿಗೆ ಒಂದು ಬಿಸಿ ತಂತಿ ಸಾಕು, ವರ್ಷದ ಮೇವು ಬೂದಿಯಾಗಲು.

ಮತ್ತೆ ಕೆಡದಂತೆ

ಕಪ್ಲರಿಗೆ ಬರುವ ತಂತಿಯನ್ನು ಸ್ವಲ್ಪ ಕೆಳಕ್ಕೆ ಜೋತು ಬಿಟ್ಟು ಆಮೇಲೆ ಮೇಲಕ್ಕೆ ತಂದರೆ ಮಳೆಯ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ, ಕಪ್ಲರಿಗೆ ಹರಿಯುವುದಿಲ್ಲ. ಟ್ರೇಲರ್ ಬಿಚ್ಚಿದಾಗ ಪ್ಲಗ್ಗನ್ನು ನೆಲಕ್ಕೆ ಬಿಡದೆ ಬಾಯಿ ಕೆಳಗಾಗಿ ಎತ್ತರದಲ್ಲಿ ತೂಗುಹಾಕಬೇಕು. ಸಾಕೆಟ್ಟಿನ ಮುಚ್ಚಳ ಮುರಿದಿದ್ದರೆ ಹೊಸದು ಹಾಕಬೇಕು. ತಿರುವಿನಲ್ಲಿ ಎಳೆದುಕೊಳ್ಳದಷ್ಟು ತಂತಿಯ ಸಡಿಲಿರಬೇಕು, ಚಕ್ರಕ್ಕೆ ತಗಲುವಷ್ಟು ಇರಬಾರದು. ಗೊಬ್ಬರ ಸಾಗಿಸಿದ ದಿನವೇ ಟ್ರೇಲರನ್ನು ತೊಳೆಯಬೇಕು, ಆದರೆ ಪಂಪಿನ ರಭಸದ ನೀರನ್ನು ನೇರವಾಗಿ ಕಪ್ಲರಿಗೆ ಹಿಡಿಯಬಾರದು. ಶೆಡ್ಡಿನಲ್ಲಿ ಹುಲ್ಲು, ಧಾನ್ಯ ಇದ್ದರೆ ಇಲಿ ಬರುತ್ತದೆ, ಇಲಿ ಬಂದರೆ ತಂತಿಯ ಹೊದಿಕೆಯನ್ನು ಕಡಿಯುತ್ತದೆ.

ಟ್ರೇಲರಿಗೆ ವೆಲ್ಡಿಂಗ್ ಮಾಡಿಸುವಾಗ ಏಳು ಪಿನ್ನಿನ ಪ್ಲಗ್ಗನ್ನು ತಪ್ಪದೆ ಬಿಚ್ಚಬೇಕು. ಟ್ರಾಕ್ಟರಿಗೇ ವೆಲ್ಡಿಂಗ್ ಆದರೆ ಬ್ಯಾಟರಿ ಮತ್ತು ಆಲ್ಟರ್ನೇಟರಿನ ಸಂಪರ್ಕವನ್ನೂ ತೆಗೆಯಬೇಕು. ವೆಲ್ಡಿಂಗಿನ ಭಾರಿ ವಿದ್ಯುತ್ತು ಸಣ್ಣ ಅರ್ಥ್ ತಂತಿಯ ಮೂಲಕ ಮರಳಿದರೆ ವೈರಿಂಗ್ ಸುಟ್ಟುಹೋಗುತ್ತದೆ.

ಕೈ ಹಾಕಬಾರದ ಕಡೆ

ಇಲ್ಲಿ ಹೇಳಿದ ಕೆಲಸ ದೀಪ, ಹಾರನ್, ಇಂಡಿಕೇಟರುಗಳ ವೈರಿಂಗಿಗೆ ಮಾತ್ರ ಅನ್ವಯಿಸುತ್ತದೆ. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ ಹೊಸ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಇಂಧನವನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಯ ಮೂಲಕ ನಿಯಂತ್ರಿಸುವ ಎಂಜಿನ್ನುಗಳು ಹೆಚ್ಚಾಗಿವೆ. ಅಂಥ ಪೆಟ್ಟಿಗೆಯ ಕಪ್ಲರುಗಳಿಗೆ ಪರೀಕ್ಷಾ ದೀಪ ಮುಟ್ಟಿಸಿದರೆ ಬೆಲೆಬಾಳುವ ಭಾಗ ಕೆಡಬಹುದು. ಕಾರಿನಲ್ಲಿ ಏರ್‌ಬ್ಯಾಗಿನ ಹಳದಿ ಕಪ್ಲರನ್ನಂತೂ ಮುಟ್ಟಲೇಬಾರದು. ಇವೆರಡನ್ನೂ ತಿಳಿದ ಎಲೆಕ್ಟ್ರೀಷಿಯನ್ನರಿಗೇ ಬಿಡಬೇಕು.

ಕೊನೆಯ ಮಾತು

ರೈತ ಬಾಂಧವರೇ, ಬೀಜೋಪಚಾರಕ್ಕೆ ತಗಲುವುದು ಕೆಲವೇ ನಿಮಿಷ, ಅದು ಉಳಿಸುವುದು ಇಡೀ ಬೆಳೆಯನ್ನು. ಕಪ್ಲರಿನ ದುರಸ್ತಿಯೂ ಅಂಥದೇ ಕೆಲಸ. ಒಂದು ಟರ್ಮಿನಲ್, ಅರ್ಧ ಅಡಿ ತಂತಿ, ಒಂದು ಗಂಟೆಯ ತಾಳ್ಮೆ ಇದ್ದರೆ ಸಾಕು. ಕಟಾವಿಗೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಎಲ್ಲ ಕಪ್ಲರುಗಳನ್ನೂ ಬಿಚ್ಚಿ ನೋಡುವ ಪದ್ಧತಿ ಇಟ್ಟುಕೊಳ್ಳಬೇಕು. ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಪಟ್ಟಿಯನ್ನು ಅಂಟಿಸುವುದು ಒಳ್ಳೆಯದು, ಆದರೆ ಅದು ದೀಪಕ್ಕೆ ಬದಲಿಯಲ್ಲ. ಹೇರಿದ ಕಬ್ಬಿನ ಗರಿ ದೀಪವನ್ನು ಮುಚ್ಚಿದರೂ ದೀಪವಿಲ್ಲದಂತೆಯೇ.

ರಾತ್ರಿ ಗಾಡಿ ಹೊರಡಿಸುವ ಮುನ್ನ ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ತುಳಿಯಲಿ, ಮನೆಯವರೊಬ್ಬರು ಟ್ರೇಲರಿನ ಹಿಂದೆ ಇಪ್ಪತ್ತು ಹೆಜ್ಜೆ ನಡೆದು ನಿಂತು ನೋಡಲಿ. ಎರಡು ಕೆಂಪು ದೀಪಗಳೂ ಸ್ಪಷ್ಟವಾಗಿ ಕಂಡರೆ ಹೊರಡಬಹುದು. ಕಾಣದಿದ್ದರೆ ಕಬ್ಬು ಒಂದು ಗಂಟೆ ಕಾಯಲಿ.